ಜಳಕಕ್ಕೆ ಮುಂಚಿನ ಮಂಡಕ್ಕಿ

ಗೆಳತಿಯರೇ, ಇವತ್ತು ಬೆಳಿಗ್ಗೆ ನಮ್ಮ ಹೊಸಪೇಟೆಯ ಮನೆಯಲ್ಲಿ ಒಂದು ಹಿಡಿ ಮಂಡಕ್ಕಿಗಾಗಿ ಜಗಳವಾಯಿತು. ನನಗೀಗ ಮೂರನೇ ತಿಂಗಳು. ಖಾಲಿ ಹೊಟ್ಟೆಯಲ್ಲಿ ಎದ್ದು ನಿಂತರೆ ಸಾಕು, ವಾಂತಿ. ಹಾಸಿಗೆ ಬಿಡುವ ಮೊದಲೇ ಒಣ ತಿಂಡಿ ಏನಾದರೂ ಸ್ವಲ್ಪ ತಿನ್ನಿ ಎಂದಿದ್ದಾರೆ ಡಾಕ್ಟರ್. ನಮ್ಮದೋ, ಜಳಕ, ಲಿಂಗಪೂಜೆ ಆಗದೆ ತೊಟ್ಟು ನೀರೂ ಕುಡಿಯದ ಮನೆ.

ಹಾಸಿಗೆಯಲ್ಲೇ ಮಂಡಕ್ಕಿ ತಿನ್ನುತ್ತಿದ್ದೆ; ತಟ್ಟೆಯ ಸದ್ದು ಕೇಳಿ ಅತ್ತೆ ಬಾಗಿಲಲ್ಲಿ ಪ್ರತ್ಯಕ್ಷರಾದರು.

"ಜಳಕಿಲ್ಲ, ಪೂಜಿಲ್ಲ, ಹಾಸಿಗ್ಯಾಗ ಕುಂತು ತಿನ್ನಾಕತ್ತೀಯಲ್ಲ! ನಾ ಮೂರು ಹಡದೀನಿ, ಒಂದಿನ ಹಿಂಗ ಮಾಡಿಲ್ಲ."

"ನಿಮಗ ವಾಂತಿ ಆಗ್ತಿರಲಿಲ್ಲೇನ್ರಿ ಅತ್ತಿ?"

"ಭಾಳ ಆಗ್ತಿತ್ತು. ಪೂಜಿ ಮುಗಿಯೂತನ ತಡಕೊಂತಿದ್ದೆ."

ಇದನ್ನವರು ಹೆಮ್ಮೆಯಿಂದಲೇ ಹೇಳಿದರು. ನಾನು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡೆ.

"ನಾ ಎಲ್ಲಿ ತಿನ್ನಾಕತ್ತೀನ್ರಿ? ತಿನ್ನೋದು ಇದು. ಹೊಟ್ಟ್ಯಾಗಿನ ಕೂಸಿಗೆ ಲಿಂಗ ಕಟ್ಟೋದು ಎಂಟನೇ ತಿಂಗಳಿಗೆ ಅಂತ ನೀವ ಹೇಳೀರಿ. ಅಲ್ಲಿತನ ಇದಕ್ಯಾವ ಪೂಜಿ?"

ನನ್ನ ಮಾತಲ್ಲಿ ಶಾಸ್ತ್ರ ತಪ್ಪಿರಲಿಲ್ಲ, ಅದೇ ಅತ್ತೆಯ ಸಂಕಟ. ಕೊನೆಗೆ ನನ್ನ ತಟ್ಟೆಯಿಂದ ಒಂದು ಮಂಡಕ್ಕಿ ಎತ್ತಿ ಬೆರಳಲ್ಲಿ ಒತ್ತಿ ನೋಡಿದರು.

"ಮೆತ್ತಗಾಗ್ಯಾವ. ತಡಿ, ಹುರದು ತರ್ತೀನಿ."

"ಒಗ್ಗರಣಿ ಬ್ಯಾಡ್ರಿ, ಆ ವಾಸನಿಗೇ ಹೊಟ್ಟಿ ತೊಳಸ್ತೈತಿ."

ಒಗ್ಗರಣೆ ಹಾಕದೆ, ಗರಿಗರಿಯಾಗಿ ಹುರಿದು ತಂದು, ತಟ್ಟೆ ನನ್ನ ಮುಂದಿಟ್ಟು ಬೆರಳು ತೋರಿಸಿದರು.

"ಅದು ತಿನ್ಲಿ. ನೀ ಮಾತ್ರ ಜಳಕ ಆಗೂತನ ಏನೂ ಮುಟ್ಟಬ್ಯಾಡ."

ಒಪ್ಪಿಕೊಂಡೆ. ಅದು ಹೊಟ್ಟೆ ತುಂಬ ತಿಂದಿತು. ಆಫೀಸಿನ ಬಸ್ಸು ತೋರಣಗಲ್ಲು ಮುಟ್ಟುವವರೆಗೂ ಇಬ್ಬರಿಗೂ ವಾಂತಿಯಾಗಲಿಲ್ಲ.