ಹೈಡ್ರಾ ಕೈ ಚಾಚುವವರೆಗೆ

ಬೆಳಗಿನ ಆರು ಗಂಟೆ. ಶಾಲೆಯ ಮೂರನೆಯ ಮಹಡಿಯ ಜೀವಶಾಸ್ತ್ರ ಪ್ರಯೋಗಾಲಯದಲ್ಲಿ, ಅದನ್ನು ನೋಡಿಕೊಳ್ಳುವ ಹುಳದಕ್ಕ ಕಿಟಕಿ ಬಳಿಯ ಗಾಜಿನ ಬೋಗುಣಿಯ ಮೇಲೆ ಬಗ್ಗಿ ನಿಂತಿದ್ದಾರೆ. ಕೈಯಲ್ಲಿ ಭೂತಗನ್ನಡಿ. "ಅಯ್ಯಯ್ಯೋ, ಏನಾಯ್ತ್ರೋ ನಿಮಗೆಲ್ಲ?" ಅನ್ನುತ್ತಾರೆ. ಆ ಮಾತು ಬೋಗುಣಿಯೊಳಗಿನ ಹೈಡ್ರಾಗಳಿಗೆ.

ನಿನ್ನೆ ಸಂಜೆ ನಲವತ್ತಿದ್ದವು. ದಾರದ ಎಳೆಯಷ್ಟು ತೆಳ್ಳಗೆ, ಉಗುರಿನಷ್ಟು ಉದ್ದ, ತಲೆಯ ಸುತ್ತ ಆರೇಳು ಕೈ ಬೀಸುತ್ತ ಇರಬೇಕಾದ ಜೀವಿಗಳು. ಈಗ ಅರ್ಧಕ್ಕರ್ಧ ಕರಗಿ ಬಿಳಿ ಮಡ್ಡಿಯಾಗಿವೆ. ಉಳಿದವು ಸಾಸಿವೆ ಕಾಳಿನಂತೆ ಮುದುರಿ ತಳ ಹಿಡಿದಿವೆ. ಒಂಬತ್ತೂವರೆಗೆ ಮಕ್ಕಳ ಪ್ರಾಯೋಗಿಕ ಪರೀಕ್ಷೆ, ಪರೀಕ್ಷಕರು ಹೊರಗಿನವರು. ಐದು ಸೂಕ್ಷ್ಮದರ್ಶಕಗಳ ಕೆಳಗೆ ಐದು ಜೀವಂತ ಹೈಡ್ರಾ ಇರಲೇಬೇಕು.

ಇಲ್ಲದಿದ್ದರೆ? ಮುಖ್ಯೋಪಾಧ್ಯಾಯಿನಿ, ಎಲ್ಲರ ಬಾಯಲ್ಲಿ 'ದೊಡ್ಡ ಮೇಡಂ', ಹೋದ ವಾರವೇ ಕಡ್ಡಿ ಮುರಿದಂತೆ ಹೇಳಿದ್ದಾರೆ: "ಹೋದ ಸಲವೂ ಸತ್ತವನ್ನೇ ತೋರಿಸಿದ್ವಿ. ಈ ಸಲವೂ ಹಾಗಾದ್ರೆ ಈ ಹುಳುಗಳ ಜಾಡಿಗಳನ್ನೆಲ್ಲ ಖಾಲಿ ಮಾಡ್ಸಿ. ಪ್ಲಾಸ್ಟಿಕ್ ಮಾದರಿ ತರಿಸ್ತೀನಿ, ಅದು ಸಾಯಲ್ಲ."

ಹುಳದಕ್ಕ ಬೋಗುಣಿಯ ನೀರು ಮೂಸಿ ನೋಡುತ್ತಾರೆ. ನಲ್ಲಿಯ ಔಷಧಿ ವಾಸನೆ! ನಲ್ಲಿ ನೀರಿಗೆ ಹಾಕುವ ಕ್ಲೋರಿನ್ ನಮಗೆ ಒಳ್ಳೆಯದು, ಹೈಡ್ರಾಕ್ಕೆ ವಿಷ. ಅದಕ್ಕೇ ಅವರದೊಂದು ಪದ್ಧತಿ ಇದೆ. ಹಿಡಿದ ನೀರನ್ನು ಬಕೆಟ್ಟಿನಲ್ಲಿ ಎರಡು ದಿನ ಹಾಗೇ ಬಿಡಬೇಕು. ಹೊಸ ನೀರಿನ ಮುಚ್ಚಳದ ಮೇಲೆ ಒಂದು ಕಲ್ಲು. ಎರಡು ದಿನ ಕಳೆದ ಮೇಲೆ ಕಲ್ಲು ತೆಗೆದರೆ ನೀರು ಬಳಸಬಹುದು ಎಂದರ್ಥ. ನಿನ್ನೆ ಸಂಜೆ ಹಳೇ ನೀರಿನದು, ಹೊಸ ನೀರಿನದು ಎರಡು ಬಕೆಟ್ಟುಗಳಲ್ಲಿ ಯಾವುದರ ಮೇಲೂ ಕಲ್ಲಿರಲಿಲ್ಲ. ನೆಗಡಿಯಾಗಿ ಮೂಗು ಕಟ್ಟಿತ್ತು, ಬಿಟ್ಟಿದ್ದು ಈ ಬೆಳಿಗ್ಗೆ; ಆಗ ವಾಸನೆಯೂ ತಿಳಿಯಲಿಲ್ಲ. ನಾನೇ ತೆಗೆದಿದ್ದೆನೇನೋ ಅಂದುಕೊಂಡು ಕೈಗೆ ಸಿಕ್ಕಿದ್ದನ್ನು ಸುರಿದರು.

ಕಲ್ಲು ಎಲ್ಲಿ ಹೋಯಿತು ಎನ್ನುವುದು ಕೀಲಿಗೊಂಚಲು ಹಿಡಿದು ಬಂದ ಕಾವಲುಗಾರನಿಂದ ತಿಳಿಯುತ್ತದೆ.

"ವರಾಂಡದ ಬಾಗ್ಲು ಗಾಳಿಗೆ ದಡಬಡ ಅಂತಿತ್ತಕ್ಕ. ಅಡ್ಡ ಇಡೋಣ ಅಂತ ನಾನೇ ತಗೊಂಡೆ. ಸುಮ್ನೆ ಕೂತಿತ್ತಲ್ಲ ಕಲ್ಲು."

"ಸುಮ್ನೆ ಕೂತಿತ್ತಾ? ನಿನ್ ತಲೆ! ಹತ್ತು ವರ್ಷದಿಂದ ಅದು ಕಾವಲು ಕಾಯ್ತಿದೆ ಕಣಪ್ಪ, ನಿನಗಿಂತ ಸೀನಿಯರ್ರು!" ಹುಳದಕ್ಕನಿಗೆ ಕೋಪ ಬಂದಿದೆ, ಅಳುವೂ ಬಂದಿದೆ. ಎರಡಕ್ಕೂ ಪುರುಸೊತ್ತಿಲ್ಲ.

ಬಕೆಟ್ಟುಗಳ ಮೇಲೆ ಇನ್ನು ನಂಬಿಕೆಯಿಲ್ಲ. ಮೂಲೆಯಲ್ಲಿ ನೀರುಗಿಡದ ಜಾಡಿ. ಹದಿನೈದು ದಿನದಿಂದ ಯಾರೂ ಮುಟ್ಟದ ನೀರು, ಗಿಡ ಬಿಟ್ಟ ಆಮ್ಲಜನಕದ ಗುಳ್ಳೆ ಎಲೆಗಳ ಮೇಲೆ. ಅದನ್ನು ಬಟ್ಟೆಯಲ್ಲಿ ಸೋಸಿ ಹೊಸ ಬೋಗುಣಿಗೆ ತುಂಬುತ್ತಾರೆ. ಆಮೇಲೆ ಡ್ರಾಪರಿನಿಂದ ಒಂದೊಂದೇ ಸಾಸಿವೆ ಕಾಳನ್ನು ಎತ್ತಿ ಬಿಡುತ್ತಾರೆ. ಜೋರಾಗಿ ಎಳೆದರೆ ಹರಿದೇ ಹೋಗುತ್ತದೆ. ಉಸಿರು ಬಿಗಿಹಿಡಿದು ಎತ್ತುವುದು, ಬಿಡುವುದು. ಹತ್ತೊಂಬತ್ತು ಸಿಗುತ್ತವೆ. ಇನ್ನು ಕಾಯುವುದಷ್ಟೇ.

ಕಾಯುವ ಹೊತ್ತಿನಲ್ಲೂ ಕೈ ಸುಮ್ಮನಿಲ್ಲ. ಈರುಳ್ಳಿಯ ಒಳಪದರದಿಂದ ಪೊರೆ ಸುಲಿದು ಗಾಜಿನ ಪಟ್ಟಿಯ ಮೇಲೆ ಹರಡಿ, ಒಂದು ತೊಟ್ಟು ಅಯೋಡಿನ್ ಬಿಡುತ್ತಾರೆ. ಸೂಕ್ಷ್ಮದರ್ಶಕದಲ್ಲಿ ಇಟ್ಟಿಗೆ ಗೋಡೆಯಂತೆ ಜೀವಕೋಶಗಳು, ಒಂದೊಂದರಲ್ಲೂ ಚುಕ್ಕೆಯಂಥ ಕೋಶಕೇಂದ್ರ. ಇಂಥವು ದಿನಕ್ಕೆ ಮೂವತ್ತು. ಹದಿನಾಲ್ಕು ಜಾಡಿ, ಒಂದು ಪೆಟ್ಟಿಗೆ ಎರೆಹುಳು, ಒಂಬತ್ತು ಬಸವನಹುಳು, ನೂರಿಪ್ಪತ್ತು ಮಕ್ಕಳು. ಇವನ್ನೆಲ್ಲ ನೋಡಿಕೊಳ್ಳುವ ಹುಳದಕ್ಕ ಓದಿದ್ದು ಏಳನೇ ತರಗತಿ. ಇಪ್ಪತ್ತಾರು ವರ್ಷದ ಹಿಂದೆ ಕಸ ಗುಡಿಸಲು ಬಂದವರು ಜಾಡಿ ಒರೆಸುತ್ತ ಚೀಟಿ ಓದಿದರು, ಪಾಠ ನಡೆಯುವಾಗ ಬಾಗಿಲ ಹಿಂದೆ ನಿಂತು ಕೇಳಿದರು. ಮಕ್ಕಳು ಅಣಕಿಸಲು ಇಟ್ಟ 'ಹುಳದಕ್ಕ' ಎಂಬ ಹೆಸರೇ ಗಟ್ಟಿಯಾಯಿತು.

"ಬೆನ್ನೆಲುಬಿಲ್ಲ ಅಂತ ಇವನ್ನ ಹಗುರವಾಗಿ ನೋಡ್ತಾರೆ," ಅನ್ನುತ್ತಾರೆ ಕಾವಲುಗಾರನಿಗೆ, ಕಣ್ಣು ಮಾತ್ರ ಬೋಗುಣಿಯ ಮೇಲೆ. "ಹೈಡ್ರಾಕ್ಕೆ ಮಿದುಳಿಲ್ಲ, ಹೃದಯ ಇಲ್ಲ. ಮೈ ಅಂದ್ರೆ ಬರೀ ಎರಡು ಪದರ ಜೀವಕೋಶ. ಆದ್ರೂ ಹಸಿವಾದ್ರೆ ಬೇಟೆ ಆಡುತ್ತೆ, ಪಕ್ಕೆಯಲ್ಲೇ ಮೊಗ್ಗು ಬಿಟ್ಟು ಮರಿ ಮಾಡುತ್ತೆ. ನಮ್ಮ ಯಜಮಾನ್ರಿಗೆ ಇದೆಲ್ಲ ಹೇಳಿದ್ರೆ, ಅದೃಷ್ಟವಂತ ಪ್ರಾಣಿ, ಹೆಂಡ್ತಿ ಗೊಣಗಾಟ ಇಲ್ಲ ಅಂತಾರೆ."

ಎಂಟೂಮುಕ್ಕಾಲು. ಒಂದೂ ಅಲುಗಿಲ್ಲ. ಕೆಳಗೆ ಪರೀಕ್ಷಕರ ಕಾರು ಬಂದಿದೆ. ಕಾವಲುಗಾರ ಮುಖ ಸಣ್ಣದು ಮಾಡಿಕೊಂಡು ಬಾಗಿಲಲ್ಲೇ ನಿಂತಿದ್ದಾನೆ. "ನಾನೇ ಮೇಡಂಗೆ ಹೇಳ್ಬಿಡ್ಲಾ ಅಕ್ಕ?" ಹುಳದಕ್ಕ ತಲೆ ಎತ್ತುವುದಿಲ್ಲ. "ನೀರು ಸುರಿದೋಳು ನಾನು. ನೀನು ಹೋಗು, ನೆರಳು ಬೀಳ್ತಿದೆ."

ಒಂಬತ್ತು ಗಂಟೆ ಹತ್ತು ನಿಮಿಷ. ಒಂದು ಸಾಸಿವೆ ಕಾಳು ಚೂರು ಉದ್ದವಾಗುತ್ತದೆ. ನಿಜವೋ, ಕಣ್ಣಿನ ಭ್ರಮೆಯೋ? ಮತ್ತೊಂದು. ಒಂಬತ್ತೂಕಾಲಿಗೆ ನಾಲ್ಕು. ಇನ್ನೊಂದು ಬೇಕು, ಒಂದೇ ಒಂದು. ಅವರ ಬೆರಳುಗಳು ಮೇಜಿನ ಅಂಚನ್ನು ಬಿಗಿಯಾಗಿ ಹಿಡಿದಿವೆ. ಮಕ್ಕಳ ಹೆಜ್ಜೆಸದ್ದು ಮೆಟ್ಟಿಲೇರುವಾಗ ಐದನೆಯದು ಮೈ ಬಿಚ್ಚುತ್ತದೆ.

ಮೊದಲ ಸರದಿಯ ಹುಡುಗಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟವಳು ಪರೀಕ್ಷೆಯೆಂಬುದನ್ನೇ ಮರೆತು ಕೂಗುತ್ತಾಳೆ: "ಅಕ್ಕಾ, ಕೈ ಚಾಚ್ತು!" ಪರೀಕ್ಷಕರೂ ಬಗ್ಗಿ ನೋಡುತ್ತಾರೆ. ಬೇಗ ಏಳುವುದಿಲ್ಲ.

ಎಲ್ಲ ಮುಗಿದ ಮೇಲೆ ದೊಡ್ಡ ಮೇಡಂ ಬಳಿ ಹೋಗಿ ಹುಳದಕ್ಕ ತಾವೇ ಹೇಳಿಬಿಡುತ್ತಾರೆ: "ನಲವತ್ತಿದ್ವು ಮೇಡಂ. ತಪ್ಪು ನೀರು ಹಾಕಿ ಇಪ್ಪತ್ತೊಂದು ಕೊಂದೆ." ಕಾವಲುಗಾರನ ಸುದ್ದಿ ಎತ್ತುವುದಿಲ್ಲ. ಮೇಡಂ ಬೋಗುಣಿಯನ್ನೂ ಆಕೆಯ ಕೆಂಪಾದ ಕಣ್ಣನ್ನೂ ನೋಡುತ್ತಾರೆ. "ಜಾಡಿಗಳು ಇರಲಿ ಬಿಡಿ. ನಿಮಗೇನಾದ್ರೂ ಬೇಕಿದ್ರೆ ಹೇಳಿ."

ಹೊಸ ಸೂಕ್ಷ್ಮದರ್ಶಕ ಕೇಳಬಹುದಿತ್ತು. ಒಬ್ಬ ಸಹಾಯಕಿಯನ್ನು ಕೇಳಬಹುದಿತ್ತು. ಹುಳದಕ್ಕ ಸೆರಗಿನಿಂದ ಮೂಗು ಒರೆಸಿಕೊಂಡು ಯೋಚಿಸುತ್ತಾರೆ.

"ವರಾಂಡದ ಬಾಗ್ಲಿಗೆ ಬೇರೆ ಒಂದು ಕಲ್ಲು ಕೊಡ್ಸಿ ಮೇಡಂ. ನನ್ನದಕ್ಕೆ ಕೆಲಸ ಇದೆ."