ಅಮ್ಮನ ಎಡಗೈ ಹೆಬ್ಬೆಟ್ಟು

ನಮ್ಮಪ್ಪ ಪಿರಿಯಾಪಟ್ಟಣದಲ್ಲಿ ಬೋರ್ಡು ಬರೆಯುತ್ತಿದ್ದ. ಫ್ಲೆಕ್ಸ್ ಬಂದ ಮೇಲೆ ಅವನನ್ನು ಕರೆಯುವವರು ಗುಡಿಯವರು, ಶಾಲೆಯವರು ಅಷ್ಟೆ. ಅಷ್ಟರಲ್ಲಿ ಅವನ ಕೈಗೆ ನಡುಕ ಹತ್ತಿತು. ಐದಾರು ವರ್ಷ ಗೋಡೆಗಳನ್ನೆಲ್ಲ ನಾನೇ ಬರೆದೆ. ಅವನು ಏಣಿಯ ಬುಡದಲ್ಲಿ ಬೀಡಿ ಸೇದುತ್ತ ಕೂತಿದ್ದು, ಯಾರಾದರೂ ಬಂದರೆ ಕುಂಚ ಹಿಡಿದು ಎದ್ದು ನಿಲ್ಲುತ್ತಿದ್ದ. ಕೊನೆಗೆ ಮೂಲೆಯಲ್ಲಿ ಅವನ ಹೆಸರು ಬರೆಯುವುದೂ ನನ್ನ ಕೆಲಸವೇ.

ರಾವಂದೂರು ಕಡೆಯ ಒಂದು ಊರಿನವರು ಮಾರಿಗುಡಿ ಗೋಡೆಗೆ ಅಮ್ಮನ ಚಿತ್ರ ಬರೆಯಲು ಕರೆದರು. ಒಂಬತ್ತು ದಿನ ಹಿಡಿಯಿತು. ಕಣ್ಣು ಬರೆದು ಏಣಿ ಇಳಿದಾಗ ಅವಳ ಎದುರು ನಿಲ್ಲಲು ನನಗೇ ಅಂಜಿಕೆಯಾಯಿತು. ಅಷ್ಟು ಚೆನ್ನಾಗಿ ಹಿಂದೆಂದೂ ಬರೆದಿರಲಿಲ್ಲ, ಆಮೇಲೂ ಬರೆದಿಲ್ಲ. ಅಪ್ಪ ಮಾತ್ರ ಒಂದು ತಪ್ಪು ಹಿಡಿದ. ವರ ಕೊಡುವ ಎಡಗೈಯ ಹೆಬ್ಬೆಟ್ಟು ಆಚೆಗಿರಬೇಕಾದದ್ದು ಸೊಂಟದ ಕಡೆಗೆ ಬಂದಿತ್ತು.

“ನಾಳೀಕೆ ಸರಿ ಮಾಡ್ಬುಡವ್ವ,” ಅಂದ.

ಅವತ್ತು ಸಂಜೆ ಅಪ್ಪ ಟೀ ಕುಡಿಯಲು ಹೋದಾಗ ಮೂಲೆಯಲ್ಲಿ ನನ್ನ ಹೆಸರು ಬರೆದೆ.

ಬೆಳಿಗ್ಗೆ ಊರ ಯಜಮಾನರು ಗುಡಿ ಮುಂದೆ ಕೂತಿದ್ದರು. “ಎಂಗಸು ಅಮ್ಮನ್ನ ಬರ್ದವ್ಳೆ ಅಂದ್ರೆ ಊರು ಸುಮ್ಕಿರಕಿಲ್ಲ ಕಣಪ್ಪ. ಮುಟ್ಟು ಮೈಲಿಗೆ ಯಾರು ನೋಡ್ದೋರು?” ಅಂದರು ದೊಡ್ಡ ಯಜಮಾನರು. ಒಳಗೆ ಕೂತವಳೂ ಹೆಂಗಸೇ ಅನ್ನುವುದು ಆ ಮಹಾನುಭಾವರ ತಲೆಗೆ ಹೊಳೆಯಲಿಲ್ಲ.

ಅಪ್ಪ ಕೈ ಮುಗಿದ. “ನಾನೇ ಬರ್ದಿದ್ದು ಬುದ್ದಿ. ಉಡ್ಗಿ ತಿಳೀದೆ ಎಸ್ರು ಗೀಚವ್ಳೆ. ಅಳಿಸ್ಬುಡ್ತೀನಿ.”

ನಾನು ಸುಮ್ಮನಿದ್ದಿದ್ದರೆ ಚಿತ್ರ ಉಳಿಯುತ್ತಿತ್ತು. ಅಪ್ಪನ ಕೈಗೆ ಕುಂಚ ಕೊಟ್ಟು, “ಅಂಗಾದ್ರೆ ಇವರ ಮುಂದೆ ಒಂದು ಗೆರೆ ಎಳಿ,” ಅಂದೆ. ಕುಂಚ ಅವನ ಕೈಯಲ್ಲಿ ಕುಣಿಯಿತು. ಬಣ್ಣ ಪಂಚೆಯ ಮೇಲೆಲ್ಲ ಸಿಡಿಯಿತು. ಅಷ್ಟು ಜನರೆದುರು ಅವನ ಮಾನ ಕಳೆದದ್ದಕ್ಕೆ ಆಗ ನನಗೆ ಸಂತೋಷವೇ ಆಯಿತು. ಸುಳ್ಳು ಯಾಕೆ ಹೇಳಲಿ.

ಮಧ್ಯಾಹ್ನಕ್ಕೆ ಚಿತ್ರದ ಮೇಲೆ ಸುಣ್ಣ ಬಳಿದರು. ಎಣ್ಣೆ ಬಣ್ಣದ ಮೇಲೆ ಸುಣ್ಣ ನಿಲ್ಲುತ್ತದೆಯೇ? ವಾರದೊಳಗೆ ಹಕ್ಕಳೆ ಎದ್ದು ನನ್ನ ಗೆರೆಗಳೆಲ್ಲ ಇಣುಕಿದವು. ಹುಣಸೂರಿನಿಂದ ಕರೆಸಿದ ಪೇಂಟರು ಆ ಗೆರೆಗಳ ಮೇಲೇ ಕುಂಚ ಆಡಿಸಿ, ಬಣ್ಣ ತುಂಬಿ, ಮೂಲೆಯಲ್ಲಿ ತನ್ನ ಹೆಸರು, ಫೋನ್ ನಂಬರು ಬರೆದ.

ಅವನ ಸನ್ಮಾನಕ್ಕೆ, ಹಳೇ ಬೋರ್ಡು ಬರೆಯುವವನೆಂದು, ಅಪ್ಪನಿಗೂ ಕರೆ ಬಂತು. ಚಿತ್ರ ಏನಾಗಿದೆ ನೋಡಲೇಬೇಕೆಂದು ನಾನೂ ಹೋದೆ. ಪೇಟ, ಶಾಲು ಇಟ್ಟ ತಟ್ಟೆ ತೋರಿಸಿ, “ಇದ ಇಡ್ಕಳಾಕೆ ಒಬ್ಳು ಎಣ್ಮಗಳು ಬೇಕಲ್ಲ, ಬಾರವ್ವ,” ಅಂದರು ಅದೇ ದೊಡ್ಡ ಯಜಮಾನರು. ಹಿಡಿದೆ. ಅದನ್ನು ಅವರ ಮುಖಕ್ಕೆ ಎಸೆಯಲಿಲ್ಲವೆಂದು ಇವತ್ತಿಗೂ ನನ್ನ ಮೇಲೆ ನನಗೆ ಹೇಸಿಗೆ. ಎದುರಿಗೇ ಅಮ್ಮ. ಮುಖ ಊದಿಕೊಂಡಿತ್ತು, ಹೆಬ್ಬೆಟ್ಟು ಸೊಂಟದ ಕಡೆಗೇ ಇತ್ತು. ಜನ ಅದಕ್ಕೂ ಸೇರಿಸಿ ಕೈ ಮುಗಿಯುತ್ತಿದ್ದರು.

ವಾಪಸು ಬರುವಾಗ ಬಸ್ಸಿನಲ್ಲಿ ಅಪ್ಪ ನನ್ನ ಕಡೆ ತಿರುಗಿದ.

“ಎಬ್ಬೆಟ್ಟ ಅವ್ನೂ ಸರಿ ಮಾಡ್ನಿಲ್ವಲ್ಲವ್ವ.”

“ಅದೊಂದು ನಂದು ಕಣಪ್ಪ,” ಅಂದೆ.

ಅವನು ನಡುಗುವ ಕೈಯನ್ನು ಟವೆಲಿನೊಳಗೆ ಮುಚ್ಚಿಕೊಂಡ. ಅದು ನಡುಗುವುದು ಅಷ್ಟರಲ್ಲಿ ಸುತ್ತಲ ಊರಿಗೆಲ್ಲ ತಿಳಿದಿತ್ತು. ಆಮೇಲೆ ನಮ್ಮಿಬ್ಬರನ್ನೂ ಯಾರೂ ಗೋಡೆ ಬರೆಯಲು ಕರೆಯಲಿಲ್ಲ.