ಅವ್ವ ಕೊಟ್ಟ ಫೋನ್ ನಂಬರು

ನಮ್ಮವ್ವನಿಗೆ ಕೊನೆಯವರೆಗೂ ಕನ್ನಡದಲ್ಲಿ ಸಹಿ ಹಾಕಲು ಬರಲಿಲ್ಲ. ಆದರೆ ಸ್ಪ್ಯಾನಿಷ್‌ನಲ್ಲಿ ಫೋನ್ ನಂಬರು ಹೇಳಲು ಬರುತ್ತಿತ್ತು. ಕಲಿಸಿದ ಮಹಾತಾಯಿ ನಾನೇ.

ಎಂಬತ್ತರ ದಶಕದ ಮೊದಲಲ್ಲಿ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಟೈಪಿಸ್ಟ್ ಆಗಿದ್ದೆ. ಸ್ಪೇನಿನಿಂದ ತರಿಸಿದ ಯಂತ್ರ ಕೂರಿಸಲು ಅಲ್ಲಿಂದಲೇ ಒಬ್ಬ ಇಂಜಿನಿಯರ್ ಬಂದಿದ್ದರು. ಅವರ ಕಾಗದ ಟೈಪು ಮಾಡುತ್ತ ಮಾಡುತ್ತ ನನಗೂ ನಾಲ್ಕು ಮಾತು ಹತ್ತಿತು. ಹೊರಡುವಾಗ ಅವರೇ ಹೇಳಿದರು: ಬೊಂಬಾಯಿಯ ತಮ್ಮ ಆಫೀಸಿನಲ್ಲಿ ಫೋನ್ ನೋಡಿಕೊಳ್ಳಲು ಹುಡುಗಿ ಬೇಕು, ಅಲ್ಲಿಂದಲೇ ಫೋನ್ ಮಾಡಿ ಸ್ಪ್ಯಾನಿಷ್‌ನಲ್ಲಿ ಪರೀಕ್ಷೆ ಮಾಡುತ್ತಾರೆ, ಮೊದಲು ನಂಬರು ಕೇಳುವುದು, ಹೇಳುವುದು ಕಲಿ. ನನಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಮಾದನಾಯಕನಹಳ್ಳಿಯ ನಮ್ಮ ಮನೆಯಲ್ಲಿ ಫೋನೆಲ್ಲಿತ್ತು? ಬೇರೆ ಕೆಲಸದ ಫೋನ್ ಕಾರ್ಖಾನೆಗೆ ಬರುವುದು ಬೇಡವೆಂದು, ಆಗ ಎಲ್ಲರೂ ಮಾಡುತ್ತಿದ್ದ ಹಾಗೆ ಪಕ್ಕದ ಮನೆಯ ಅಕ್ಕನ ನಂಬರು ಕೊಟ್ಟೆ. ಫೋನ್ ಬಂದರೆ ಆಕೆ ಕಾಂಪೌಂಡಿನಿಂದ ಕೂಗುತ್ತಿದ್ದಳು. ಅಭ್ಯಾಸಕ್ಕೆ ಅವ್ವನನ್ನು ಹಿಡಿದೆ. ಅವಳು ಅವರೆಕಾಯಿ ಸುಲಿಯುತ್ತಿದ್ದರೆ ನಾನು "ಕ್ವಾಲ್ ಎಸ್ ಸು ನೂಮೆರೊ ದೆ ತೆಲೆಫೊನೊ?" ಎಂದು ನಂಬರು ಕೇಳುವುದು, ಅವಳು ನನ್ನ ಕಾರ್ಖಾನೆಯ ನಂಬರನ್ನು ಒಂದೊಂದೇ ಅಂಕಿಯಾಗಿ ಒಪ್ಪಿಸಿ, ಕೊನೆಗೆ "ಸಿಯೆತೆ", ಅಂದರೆ ಏಳು, ಎಂದು ಮುಗಿಸುವುದು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು.

ಫೋನ್ ಬರಲೇ ಇಲ್ಲ. ದಿನಾ ಸಂಜೆ ಬಸ್ಸಿಳಿದವಳೇ ಅವ್ವನನ್ನು ಕೇಳುತ್ತಿದ್ದೆ. ಎಲ್ಲಿ ಬಂತು ಎಂದು ಕಾಫಿ ಕೊಟ್ಟು, ಹೆಣ್ಣುಮಗಳಿಗೆ ಆಸೆ ತೋರಿಸಿದ ಬೊಂಬಾಯಿಯವರಿಗೆ ನನ್ನ ಜೊತೆ ಕೂತು ಹಿಡಿ ಶಾಪ ಹಾಕುತ್ತಿದ್ದಳು.

ಮರುವರ್ಷ ಯಂತ್ರ ನೋಡಲು ಅದೇ ಇಂಜಿನಿಯರ್ ಬಂದರು. ಬೊಂಬಾಯಿಯವರು ಪಕ್ಕದ ಮನೆಗೆ ಫೋನ್ ಮಾಡಿದ್ದರಂತೆ. ನಾನಿಲ್ಲದ್ದಕ್ಕೆ, ಸಿಗುವ ನಂಬರು ಯಾವುದೆಂದು ಅದೇ ಸ್ಪ್ಯಾನಿಷ್ ಪ್ರಶ್ನೆ ಕೇಳಿದರಂತೆ. ನನ್ನ ತಾಯಿ ಸೊಗಸಾದ ಸ್ಪ್ಯಾನಿಷ್‌ನಲ್ಲಿ ಕೊಟ್ಟರಂತೆ. ಆದರೆ ಕೊನೆಯ ಅಂಕಿ "ಓಚೊ", ಎಂಟು. ಎಷ್ಟು ಸಲ ಮಾಡಿದರೂ ಯಾವುದೋ ಅಕ್ಕಿ ಗಿರಣಿ ಸಿಕ್ಕಿತಂತೆ. ಕೆಲಸ ಬೇರೆಯವಳ ಪಾಲಾಯಿತು. ಪಾಪ, ಗಾಬರಿಯಲ್ಲಿ ತಪ್ಪಿರಬೇಕು ಎಂದು ನಾನೇ ಅವ್ವನ ಪರ ವಹಿಸಿಕೊಂಡೆ!

ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಆ ಪ್ರಶ್ನೆ ಕೇಳಿದೆ, ಸ್ಪ್ಯಾನಿಷ್‌ನಲ್ಲೇ. ಅವ್ವ ರಾಗಿ ಕೇರುತ್ತಿದ್ದಳು. ತಲೆ ಎತ್ತದೆ ಅಂಕಿಗಳನ್ನು ಒಪ್ಪಿಸಿ "ಸಿಯೆತೆ" ಎಂದಳು. ಒಂದೂ ತಪ್ಪಿಲ್ಲ. ಆಮೇಲೆ ಮೊರ ನಿಂತಿತು.

"ಮತ್ತೆ ಅವರಿಗ್ಯಾಕೆ ಓಚೊ ಅಂದೆ?"

"ನಿನ್ನ ನನ್ ತಮ್ಮಂಗೆ ಕೊಡ್ತೀನಂತ ಮಾತು ಕೊಟ್ಬುಟ್ಟಿದ್ದೆ ಕಣವ್ವ. ನೀನು ಬೊಂಬಾಯಿಗೆ ಓಗ್ಬುಟ್ಟಿದ್ರೆ ಅವನ ಮಕ ಎಂಗ್ ನೋಡ್ಲಿ?"

ನನ್ನ ಮುಖ ಹೇಗೆ ನೋಡುವುದೆಂಬ ಯೋಚನೆ ಅವಳಿಗೆ ಬಂದೇ ಇರಲಿಲ್ಲ. ಕೆಲಸ ತಪ್ಪಿದ್ದಕ್ಕಿಂತ, ನನ್ನ ಜೊತೆ ಕೂತು ಹಾಕಿದ ಆ ಶಾಪಗಳೇ ನನ್ನ ಹೊಟ್ಟೆ ಉರಿಸಿದವು. ಈಗಲೂ ಉರಿಸುತ್ತವೆ.

ಅವಳ ತಮ್ಮನನ್ನು ನಾನು ಮದುವೆಯಾಗಲಿಲ್ಲ. ಎಷ್ಟೋ ವರ್ಷಗಳ ನಂತರ ಒಂದು ದಿನ, ಹೆಬ್ಬೆಟ್ಟು ಒತ್ತಲು ನಾಚಿಕೆಯಾಗುತ್ತದೆ, ಸಹಿ ಹಾಕುವುದು ಕಲಿಸು ಎಂದು ಅವ್ವ ಕೇಳಿದಳು. ನಾನು ಕಲಿಸಲಿಲ್ಲ.